ನೂರ ಹದಿನೇಳನೇ ಹಸುವಿನ ವಿಶ್ರಾಂತಿ

ಚಳ್ಳಕೆರೆಗೂ ಮೊಳಕಾಲ್ಮೂರಿಗೂ ನಡುವೆ ಇರುವ ಕರೇಕಲ್ಲು ಕಾವಲಿನಲ್ಲಿ ಸಾವಿರದ ಒಂಬೈನೂರ ಒಂಬತ್ತನೇ ಇಸವಿಯಲ್ಲಿ ಇನ್ನೂರ ನಲವತ್ತು ಸರ್ಕಾರಿ ಹಸುಗಳಿದ್ದವು. ಇವುಗಳ ಪೈಕಿ ಇನ್ನೂರ ಇಪ್ಪತ್ತೊಂಬತ್ತು ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದವು. ಉಳಿದ ಹನ್ನೊಂದು ರಿಜಿಸ್ಟರಿನಲ್ಲಿ ಮೇಯುತ್ತಿದ್ದವು. ರಿಜಿಸ್ಟರಿನಲ್ಲಿ ಮೇಯುವ ಹಸುವಿಗೆ ನೀರಡಿಕೆಯಿಲ್ಲ, ಉಣ್ಣಿಯ ಕಾಟವಿಲ್ಲ, ಚಿರತೆಯ ಭಯವಿಲ್ಲ. ಕಾವಲಿನ ಗುಮಾಸ್ತರಾದ ಮೂಡಲಗಿರಿಯಪ್ಪನವರಿಗೆ ಆ ಹನ್ನೊಂದರ ಮೇಲೆಯೇ ಅಕ್ಕರೆ ಹೆಚ್ಚು.

ಕಾವಲಿನ ಅಂಚಿಗೆ ಸೀಗೆಹಟ್ಟಿ. ಮೂವತ್ತು ಗುಡಿಸಲು, ಸುತ್ತ ಕಾರೆಮುಳ್ಳಿನ ಬೇಲಿ. ಗಂಡಸರೆಲ್ಲ ಕಾವಲಿನ ದನ ಕಾಯುವವರು. ಹಟ್ಟಿಯ ಕಟ್ಟಳೆ ಏನೆಂದರೆ, ಮುಟ್ಟಾದ ಹೆಂಗಸು ಬೇಲಿಯಾಚೆಯ ಗುಡಿಸಲಲ್ಲಿ ಮೂರು ದಿನ ಇದ್ದು, ನಾಲ್ಕನೇ ದಿನ ನೀರು ಹಾಕಿಕೊಂಡು ಒಳಗೆ ಬರಬೇಕು. ಅಲ್ಲಿಯವರೆಗೆ ಗಂಡ ಆ ಕಡೆ ತಲೆ ಹಾಕುವಂತಿಲ್ಲ. ಆ ಗುಡಿಸಲಿಗೆ ಬಾಗಿಲಿಲ್ಲ. ಸೂರಿನಲ್ಲಿ ಹುಲ್ಲಿಗಿಂತ ಆಕಾಶವೇ ಜಾಸ್ತಿ. ಚೇಳುಗಳಂತೂ ಅಜ್ಜನ ಕಾಲದಿಂದ ಒಕ್ಕಲಿವೆ. ಆದರೂ ಪಾತಣ್ಣನ ಹೆಂಡತಿ ನಾಗಕ್ಕನಿಗೆ ತಿಂಗಳು ತಿಂಗಳೂ ಆ ಗುಡಿಸಲು ಕಂಡರೆ ತವರು ಕಂಡಷ್ಟು ಸಂತೋಷ. ಅಲ್ಲಿಗೆ ಹೋದಳೆಂದರೆ ಬಸುರಿಲ್ಲ ಎಂದು ಅರ್ಥ. ಬಸುರಿಲ್ಲ ಎಂದರೆ ಇನ್ನೊಂದು ತಿಂಗಳು ಬದುಕಿದಳೆಂದು ಅರ್ಥ.

ನಾಗಕ್ಕನಿಗೆ ಇಪ್ಪತ್ತಾರು ವರ್ಷ. ಹೆತ್ತದ್ದು ಆರು, ಉಳಿದದ್ದು ಮೂರು. ಆರನೆಯದು ಹೊರಗೆ ಬಂದು ಅಳಲಿಲ್ಲ. ನಾಗಕ್ಕನೂ ಎರಡು ದಿನ ಕಣ್ಣು ಬಿಡಲಿಲ್ಲ. ಮೂರನೇ ದಿನ ಕಣ್ಣು ಬಿಟ್ಟಾಗ ಸೂಲಗಿತ್ತಿ ಕಾಟಮ್ಮ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು.

"ಮಾಸು ಬೀಳ್ಲಿಲ್ಲ ಕಣೇ," ಅಂದಳು ಕಾಟಮ್ಮ, ಅಡುಗೆಗೆ ಉಪ್ಪು ಕಮ್ಮಿಯಾಯಿತು ಅನ್ನುವ ಹಾಗೆ. "ಕೈ ಹಾಕಿ ತೆಗ್ದೆ. ಮೈಯಾಗಿನ ರಕ್ತ ಎಲ್ಲಾ ಹೋಗೈತೆ. ಇನ್ನೊಂದು ಬಸುರಾದ್ರೆ ನಾನು ಹೆರಿಗೆ ಮಾಡ್ಸಾಕೆ ಬರಲ್ಲ, ಮಣ್ಣಿಗೆ ಬರ್ತೀನಿ."

ಈ ಮಾತನ್ನು ನಾಗಕ್ಕ ಗಂಡನಿಗೆ ಹೇಳಿದಳು. ಪಾತಣ್ಣ ಕೆಟ್ಟವನಲ್ಲ. ಹೆಂಡತಿಗೆ ಹೊಡೆದವನಲ್ಲ, ಕುಡಿದು ಬಿದ್ದವನಲ್ಲ. ಹೇಳಿದ್ದು ತಲೆಗೆ ಹತ್ತುವುದಿಲ್ಲ, ಅಷ್ಟೇ.

"ನಮ್ಮವ್ವ ಹನ್ನೊಂದು ಹೆತ್ತಳು. ಏನಾಯ್ತು?"

"ಹನ್ನೊಂದನೇದಕ್ಕೆ ಸತ್ತಳು."

"ಅದಿರ್ಲಿ. ಹತ್ತರವರೆಗೂ ಚೆನ್ನಾಗೇ ಇದ್ಲಲ್ಲ."

ಇದೇ ಹೊತ್ತಿಗೆ ಕಾವಲಿನ ಕಚೇರಿಗೆ ದನದ ಔಷಧದ ಪೆಟ್ಟಿಗೆಯೊಂದು ಬಂತು. ಸೀಸೆಗಳು ಒಡೆಯದಿರಲೆಂದು ತುರುಕಿದ್ದ ಕಾಗದಗಳಲ್ಲಿ ಒಂದು ಅಚ್ಚಾದ ಹಾಳೆ ಇತ್ತು. ಅದು ಯಾವ ಊರಿನದು, ಯಾರು ಬರೆದದ್ದು, ಯಾರಿಗೂ ಗೊತ್ತಿಲ್ಲ. ಆದರೆ ಕಚೇರಿಗೆ ಬಂದ ಅಚ್ಚಿನ ಕಾಗದವನ್ನು ಗೋಡೆಗೆ ಅಂಟಿಸತಕ್ಕದ್ದೆಂದು ನಿಯಮವಿದೆ. ಮೂಡಲಗಿರಿಯಪ್ಪನವರು ಅಂಟಿಸಿ, ಹಟ್ಟಿಯ ಗಂಡಸರನ್ನು ಕರೆಸಿ ಗಟ್ಟಿಯಾಗಿ ಓದಿದರು.

"ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಸ್ತ್ರೀಯರಿಗೆ ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಮಾತ್ರ ಗರ್ಭ ನಿಲ್ಲುವುದು. ತಿಂಗಳ ನಟ್ಟನಡುವಿನ ದಿನಗಳು ಬೀಳುಭೂಮಿಗೆ ಸಮಾನ, ಬಿತ್ತಿದರೂ ಬೆಳೆಯದು. ವಿದ್ವಾಂಸರು ಇದನ್ನು ಹೆಣ್ಣುನಾಯಿಗಳನ್ನು ಬಹುಕಾಲ ಗಮನಿಸಿ ಕಂಡುಕೊಂಡಿರುತ್ತಾರೆ. ಪ್ರಜೆಗಳು ಇದರಂತೆ ನಡೆದು ಸುಖವಾಗಿರತಕ್ಕದ್ದು."

ಪಾತಣ್ಣ ಓಡೋಡಿ ಮನೆಗೆ ಬಂದ. "ನಾಗಿ, ನಿನ್ನ ಚಿಂತೆ ಹೋಯ್ತು ಬಿಡು. ಸರ್ಕಾರದೋರು ಬರ್ದವ್ರೆ. ನಡೂ ತಿಂಗಳು ಏನೂ ಆಗಾಕಿಲ್ಲಂತೆ."

ನಾಗಕ್ಕ ಹೊಟ್ಟೆನೋವೆಂದು ಹೇಳಿ ಎರಡು ತಿಂಗಳು ಹೇಗೋ ತಳ್ಳಿದಳು. ಪ್ರಕಟಣೆಯ ಪ್ರಕಾರ ನಡೆದ ಹಟ್ಟಿಯ ಇತರ ಹೆಂಗಸರ ಪೈಕಿ ಮೂವರಿಗೆ ಆ ಎರಡು ತಿಂಗಳಲ್ಲೇ ಮುಟ್ಟು ನಿಂತಿತು. ಮೂವರ ಗಂಡಂದಿರೂ ಕಚೇರಿಗೆ ಹೋಗಿ ಕೇಳಿದರು. ಗುಮಾಸ್ತರು ಪ್ರಕಟಣೆಯನ್ನು ಇನ್ನೊಮ್ಮೆ ಪೂರ್ತಿ ಓದಿ, ಯೋಚಿಸಿ, ಬರಹದಲ್ಲಿ ಉತ್ತರ ಕೊಟ್ಟರು: "ಪ್ರಕಟಣೆಯನ್ನು ಪರಿಶೀಲಿಸಲಾಗಿ ಸರಿಯಾಗಿರುತ್ತದೆ. ಹೆಂಗಸರು ಸರಿಯಾಗಿರುವುದಿಲ್ಲ."

ಗಂಡಂದಿರು ಸಮಾಧಾನವಾಗಿ ವಾಪಸು ಬಂದರು.

ನಾಗಕ್ಕ ಕಾಟಮ್ಮನ ಗುಡಿಸಲಿಗೆ ಹೋದಳು. ಕಾಟಮ್ಮ ಸೂರಿನಿಂದ ಒಂದು ಆಡಿನ ಕೂದಲಿನ ಹಗ್ಗ ಎಳೆದು ನಾಗಕ್ಕನ ಮಡಿಲಿಗೆ ಹಾಕಿದಳು. ಮೂವತ್ತು ಗಂಟಿನ ಹಗ್ಗ. ಅಲ್ಲಲ್ಲಿ ಕೆಂಪು ದಾರ ಕಟ್ಟಿತ್ತು.

"ನಮ್ಮ ಗಂಡಸರು ದನ ಹೊಡ್ಕಂಡು ದೂರದ ವರವು ಕಾವಲಿನ ಕಡೆ ಹೋಗ್ತಾರೆ, ತಿಂಗಳು ಎರಡು ತಿಂಗಳು ಬರಲ್ಲ. ಬಂದವರು ಎರಡು ದಿನ ಇದ್ದು ಮತ್ತೆ ಹೋಗ್ತಾರೆ. ಹೌದಾ?"

"ಹೂಂ."

"ಯಾವಳು ಬಸುರಿ ಅಂತ ನನ್ನ ತಾವ ಬಂದ್ರೂ ನಾನು ಕೇಳೋದು ಎರಡೇ ಮಾತು. ನೀನು ಹೊರಗಾಗಿದ್ದು ಯಾವತ್ತು, ಅವನು ಬಂದಿದ್ದು ಯಾವತ್ತು. ಹೊರಗಾದ ದಿನ ಮೊದಲನೇ ಗಂಟು. ಅಲ್ಲಿಂದ ಎಣಿಸ್ಕಂಡು ಹೋಗಿ ಗಂಡ ಬಂದ ದಿನಕ್ಕೆ ಕೆಂಪು ದಾರ. ಇಪ್ಪತ್ತೆರಡು ವರ್ಷ ಆಯ್ತು ಕಟ್ಟಿ ಕಟ್ಟಿ. ನೋಡು, ದಾರ ಎಲ್ಲೈತೆ?"

ನಾಗಕ್ಕ ಬೆರಳಾಡಿಸಿ ನೋಡಿದಳು. ಮೊದಲ ಆರೇಳು ಗಂಟಿನಲ್ಲಿ ಒಂದೋ ಎರಡೋ ಎಳೆ. ಕೊನೆಯ ಗಂಟುಗಳು ಬಹುಪಾಲು ಬೋಳು. ಹತ್ತರಿಂದ ಹದಿನೆಂಟರವರೆಗಿನ ಗಂಟುಗಳು ಮಾತ್ರ ದಾರ ಸುತ್ತಿ ಸುತ್ತಿ ಹುಣಿಸೆಹಣ್ಣಿನಷ್ಟು ದಪ್ಪಗಾಗಿದ್ದವು.

"ದೊಡ್ಡವ್ವ, ಇದು ನಟ್ಟನಡುವೆ ಐತಲ್ಲ."

"ಮತ್ತೆ? ಅವರು ನಾಯಿ ನೋಡಿ ಬರ್ದವ್ರೆ. ನಾನು ನಿಮ್ಮನ್ನ ನೋಡಿ ಕಟ್ಟೀನಿ."

"ಹಂಗಾದ್ರೆ ಈ ದಪ್ಪ ಗಂಟಿನ ದಿನ ಬಿಟ್ರೆ ಸಾಕಾ?"

ಕಾಟಮ್ಮ ಹಗ್ಗವನ್ನು ಕಿತ್ತುಕೊಂಡಳು. "ಬೇರೆಯೋರಿಗೆ ಸಾಕು ಅಂದೇನು. ಹಗ್ಗನೂ ಒಂದೊಂದು ಸಲ ಸುಳ್ಳು ಹೇಳ್ತೈತೆ. ಈ ಆರನೇ ಗಂಟಿನಾಗೆ ದಾರ ಐತಲ್ಲ, ಅವಳೂ ಸಾಕು ಅಂದ್ಕಂಡಿದ್ಲು. ಒಬ್ಬೊಬ್ಬರ ಮುಟ್ಟು ಒಂದೊಂದು ಥರ, ಬೇಗ ಬರ್ತೈತೆ, ತಡವಾಗಿ ಬರ್ತೈತೆ. ಸುಳ್ಳಾದ್ರೆ ಅವರಿಗೆ ಇನ್ನೊಂದು ಕೂಸು. ನಿನಗೆ ಗುಂಡಿ. ನೀನು ಗಂಡನ್ನ ದೂರ ಇಡೋದೇ ಸರಿ."

ನಾಗಕ್ಕ ಆ ಹಗ್ಗವನ್ನು ಒಂದು ರಾತ್ರಿಗೆಂದು ಕೇಳಿ ತಂದು ಅದರ ವಿಷಯವನ್ನು ಗಂಡನಿಗೆ ಹೇಳಿದಳು. ಪಾತಣ್ಣ ಎಲ್ಲವನ್ನೂ ಕೇಳಿ, ಮಡಿಲಿಗೆ ಹಾಕಿದ ಹಗ್ಗವನ್ನು ತಿರುಗಿಸಿ ತಿರುಗಿಸಿ ನೋಡಿ, ತುಂಬ ನ್ಯಾಯವಾದ ಒಂದು ಆಕ್ಷೇಪಣೆ ಎತ್ತಿದ.

"ಇದಕ್ಕೆ ಸೀಲು ಎಲ್ಲೈತೆ?"

ಆಗ ನಾಗಕ್ಕನಿಗೆ ನೂರ ಹದಿನೇಳು ನೆನಪಾಯಿತು.

ನೂರ ಹದಿನೇಳು ಒಂದು ಹಸು. ಹಿಂದಿನ ವರ್ಷ ಕರು ಹಾಕುವಾಗ ಅದಕ್ಕೂ ಕಸ ಬೀಳದೆ ರಕ್ತ ಹೋಗಿತ್ತು. ಕಚೇರಿಯಿಂದ ಒಂದು ಚೀಟಿ ಬಂತು: "ಈ ಹಸುವು ಎರಡು ವರ್ಷ ವಿಶ್ರಾಂತಿಯಲ್ಲಿರತಕ್ಕದ್ದು. ಹೋರಿಯನ್ನು ಹತ್ತಿರ ಬಿಡತಕ್ಕದ್ದಲ್ಲ." ಕಾಯಲು ನಿಂತವನು ಇದೇ ಪಾತಣ್ಣ. ಎರಡು ತಿಂಗಳು ಕೈಯಲ್ಲಿ ದೊಣ್ಣೆ ಹಿಡಿದು, ಹತ್ತಿರ ಬಂದ ಹೋರಿಯನ್ನೆಲ್ಲ ಅಟ್ಟಿದ. "ಮೂಕಪ್ರಾಣಿ, ಪಾಪ, ಹೆಂಗೆ ತಡ್ಕಂತೈತೆ" ಎಂದು ಮನೆಗೆ ಬಂದು ಕಣ್ಣಲ್ಲಿ ನೀರು ಹಾಕಿದ್ದ. ಮೂರನೇ ತಿಂಗಳು ಹಸುವೇ ಕಾಣಲಿಲ್ಲ.

ಮಾರನೇ ಬೆಳಿಗ್ಗೆ ನಾಗಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡು ಕಚೇರಿಯ ಜಗಲಿಯ ಮುಂದೆ ನಿಂತಳು.

"ಏನಮ್ಮ?"

"ಒಂದು ಚೀಟಿ ಬೇಕಿತ್ತು ಸ್ವಾಮಿ. ನೂರ ಹದಿನೇಳಕ್ಕೆ ಕೊಟ್ಟಿದ್ರಲ್ಲ, ಅಂಥದ್ದು."

"ಅದು ಹಸುವಿಗೆ ಕೊಟ್ಟದ್ದು."

"ನನಗೂ ಅದೇ ಕಾಯಿಲೆ ಸ್ವಾಮಿ. ಅದು ಮೂರು ಹಾಕಿತ್ತು. ನಾನು ಆರು."

"ಈ ಕಚೇರಿ ದನಗಳದ್ದು ಕಣಮ್ಮ. ಹೆಂಗಸರ ಕಚೇರಿ ಯಾವ ಊರಲ್ಲಿದೆಯೋ ನಾನು ಕೇಳಿಲ್ಲ."

ನಾಗಕ್ಕ ಹೋಗಲಿಲ್ಲ. ಒಳಗಿನಿಂದ ಗುಮಾಸ್ತರ ಹೆಂಡತಿ ಮೊಳಕಾಲ್ಮೂರಿನ ಹೊಸ ರೇಷ್ಮೆ ಸೀರೆ ಉಟ್ಟು, ಯಾರು ಬಂದದ್ದೆಂದು ಇಣುಕಿ ಹೋದರು. ನಾಗಕ್ಕ ಸೀರೆಯ ಅಂಚನ್ನು ಮೆಚ್ಚುಗೆಯಿಂದ ನೋಡಿದಳು.

"ನೂರ ಹದಿನೇಳು ಈಗ ಎಲ್ಲೈತೆ ಸ್ವಾಮಿ?"

ಮೂಡಲಗಿರಿಯಪ್ಪನವರು ಲೇಖನಿಯ ತುದಿಯನ್ನು ನೋಡಿದರು.

"ವಿಶ್ರಾಂತಿಯಲ್ಲಿದೆ."

"ಬರೋ ತಿಂಗಳು ದರೋಗ ಸಾಹೇಬ್ರು ಬರ್ತಾರಂತೆ, ವಿಶ್ರಾಂತಿ ದನ ಎಣಿಸೋಕೆ. ನಮ್ಮೆಜಮಾನ ಹೇಳ್ತಿದ್ದ. ಹನ್ನೊಂದು ಇರಬೇಕಂತಲ್ಲ."

ಗುಮಾಸ್ತರು ರಿಜಿಸ್ಟರನ್ನು ಹತ್ತಿರಕ್ಕೆ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಬಹಳ ಸೌಮ್ಯವಾಗಿ ಕೇಳಿದರು.

"ಬಣ್ಣ?"

"ಎಣ್ಣೆಗೆಂಪು ಅಂತ ಬರ್ಕೊಳ್ರಿ."

"ಮುದ್ರೆ ಇರಬೇಕು. ಮುದ್ರೆ ಇಲ್ಲದ ದನ ಸರ್ಕಾರದ್ದಲ್ಲ."

ನಾಗಕ್ಕ ಮುಂಗೈ ಚಾಚಿದಳು. ಮದುವೆಗೆ ಮುಂಚೆ ಕೊರವಂಜಿ ಹಾಕಿದ ಹಚ್ಚೆ, ನಾಲ್ಕು ಚುಕ್ಕೆ, ನಡುವೆ ತೇರಿನಂಥ ಗೆರೆ. ಗುಮಾಸ್ತರು ಅದನ್ನು ನೋಡಿ ಬರೆದರು: "ಬಲ ಮುಂಗಾಲಿನಲ್ಲಿ ಮುದ್ರೆ, ಸ್ಪಷ್ಟ."

"ಕೊಂಬು?"

"ಇಲ್ಲ ಸ್ವಾಮಿ."

"ಬೋಳಿ," ಎಂದು ಬರೆದು, ಕೆಳಗೆ ಸೀಲು ಒತ್ತಿದರು.

ಸಂಜೆ ಪಾತಣ್ಣನನ್ನು ಕಚೇರಿಗೆ ಕರೆಸಿ ನಿಯಮ ಓದಿ ಹೇಳಲಾಯಿತು.

"ನಿಯಮ ಹದಿನಾಲ್ಕು. ವಿಶ್ರಾಂತಿಯ ಹಸುವಿನ ಕೊಟ್ಟಿಗೆಗೆ ಹೋರಿ ನುಗ್ಗತಕ್ಕದ್ದಲ್ಲ. ನುಗ್ಗಿದರೆ ಹದಿನೈದು ದಿನ ದೊಡ್ಡಿಗೆ."

"ನಾನು ಕಾಯ್ತೀನಿ ಬಿಡ್ರಿ ಸ್ವಾಮಿ. ಒಂದು ಹೋರಿನೂ ಬಿಡಲ್ಲ."

"ನಿನಗೇ ಹೇಳ್ತಿರೋದು."

ಪಾತಣ್ಣ ತನ್ನನ್ನೇ ಮೇಲಿಂದ ಕೆಳಗೆ ನೋಡಿಕೊಂಡ. "ನಾನು ಹೋರಿ ಏನ್ರಿ?"

"ಅದನ್ನೇ ನೋಡ್ತಿದೀನಿ. ಹೋರಿಗಳ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ. ಪಟ್ಟಿಯಲ್ಲಿಲ್ಲದ ಹೋರಿ ಕಾವಲಿನಲ್ಲಿ ಸಿಕ್ಕಿದರೆ ನಿಯಮ ಹತ್ತೊಂಬತ್ತು."

"ಅದೇನು ಹೇಳ್ತೈತೆ?"

"ಬೀಜ ಒಡೆಯತಕ್ಕದ್ದು ಅಂತ. ಮೊಳಕಾಲ್ಮೂರಿಂದ ಆಳು ಬರ್ತಾನೆ, ಬುಧವಾರ."

ಪಾತಣ್ಣ ಮೊಣಕಾಲೆರಡನ್ನೂ ಜೋಡಿಸಿ ನಿಂತ. "ನಾನು ಹೋರಿ ಅಲ್ಲ ಸ್ವಾಮಿ. ಬರೀ ದನ ಕಾಯೋನು. ಯಾವತ್ತೂ ಹೋರಿ ಆಗಿದ್ದೋನಲ್ಲ."

"ಮೂರು ಮಕ್ಕಳಿದಾರಲ್ಲಯ್ಯ?"

"ಅದು ಹೆಂಗೋ ಆಗೈತೆ ಸ್ವಾಮಿ."

ಹೀಗೆಂದು ಅವನು ಬರೆಸಿಕೊಟ್ಟು ಹೆಬ್ಬೆಟ್ಟು ಒತ್ತಿದ್ದು ಕಚೇರಿಯ ಕಡತದಲ್ಲಿ ಭದ್ರವಾಗಿದೆ.

ಹಟ್ಟಿಯ ಯಜಮಾನ ದೊಡ್ಡಪಾಲಯ್ಯನಿಗೆ ಸುದ್ದಿ ಮುಟ್ಟಿದಾಗ ಆತ ಸಿಟ್ಟಾಗಲು ಎದ್ದು ನಿಂತ. ಚೀಟಿ ತರಿಸಿ ತಲೆಕೆಳಗಾಗಿ ಹಿಡಿದು ನೋಡಿದ. ಸೀಲು ಇತ್ತು. ಕೂತುಕೊಂಡ. "ಸರ್ಕಾರ ಹಸು ಅಂದ ಮ್ಯಾಲೆ ಹಸು. ನಾವು ಯಾರು ಅಲ್ಲ ಅನ್ನೋಕೆ? ಹಸು ಅಂದ್ರೆ ನಮಗೂ ಪೂಜೆ ಮಾಡೋ ಪದಾರ್ಥನೇ."

ವಿಶ್ರಾಂತಿಯ ಹಸುಗಳಿಗೆಂದು ಸರ್ಕಾರ ಕಾವಲಿನಲ್ಲಿ ಒಂದು ಕೊಟ್ಟಿಗೆ ಕಟ್ಟಿಸಿತ್ತು. ಕಲ್ಲುಚಪ್ಪಡಿಯ ಸೂರು, ನೀರು ಹರಿಯಲು ಚರಂಡಿ, ಅಗಳಿ ಇರುವ ಬಾಗಿಲು. ಹಸುಗಳು ರಿಜಿಸ್ಟರಿಗೆ ಹೋದಂದಿನಿಂದ ಖಾಲಿ ಬಿದ್ದಿತ್ತು. ನಾಗಕ್ಕ ರಾತ್ರಿ ಮಲಗಲು ಅಲ್ಲಿಗೆ ಹೋದಳು, ಮಕ್ಕಳನ್ನೂ ಕರೆದುಕೊಂಡು. ಅಲ್ಲಿ ಚೇಳಿರಲಿಲ್ಲ. ದನದ ಕೊಟ್ಟಿಗೆಗೆ ವಾರಕ್ಕೊಮ್ಮೆ ಸುಣ್ಣ ಬಳಿಯತಕ್ಕದ್ದೆಂದು ನಿಯಮ.

ನಿಯಮದಲ್ಲಿ ಇನ್ನೂ ಏನೇನೋ ಇತ್ತು. ವಿಶ್ರಾಂತಿಯ ಹಸುವಿಗೆ ದಿನಕ್ಕೆ ಎರಡು ಸೇರು ಹುರುಳಿ, ಅಚ್ಚು ಬೆಲ್ಲ. ಭಾರ ಹೊರಿಸತಕ್ಕದ್ದಲ್ಲ. ಬೈಯತಕ್ಕದ್ದಲ್ಲ. ಮೈ ಹುಷಾರಿಲ್ಲದಿದ್ದರೆ ಅದೇ ದಿನ ವರದಿ ಮಾಡತಕ್ಕದ್ದು. ಪಾತಣ್ಣ ಎಲ್ಲವನ್ನೂ ಅಕ್ಷರಶಃ ನಡೆಸಿದ. ಸಂಜೆಗೆ ಹುರುಳಿ ಬೇಯಿಸಿ ತಂದು ಕೊಟ್ಟಿಗೆಯ ಬೇಲಿಯಾಚೆ ಕೂತು, "ತಿಂದ್ಯಾ? ಮೈ ಬಿಸಿ ಐತಾ?" ಎಂದು ಕೇಳುತ್ತಿದ್ದ. ಹತ್ತು ವರ್ಷದ ಸಂಸಾರದಲ್ಲಿ ಅವನು ಕೇಳದ ಪ್ರಶ್ನೆಗಳಿವು. ಬೇಲಿಯ ಈಚೆಯಿಂದ ನಾಗಕ್ಕನೂ ಅವನಿಗೆ ಕಾಟಮ್ಮನ ಹಗ್ಗದ ಲೆಕ್ಕವನ್ನು ಗಂಟು ಗಂಟಾಗಿ ಬಿಡಿಸಿ ಹೇಳಿದಳು. ಈ ಸಲ ಅವನು ಸೀಲು ಕೇಳಲಿಲ್ಲ. ಹಸು ಹೇಳಿದ ಮಾತಿಗೆ ತೂಕ ಜಾಸ್ತಿ.

ಇದನ್ನು ನೋಡಿ ಹಟ್ಟಿಯ ಹೆಂಗಸರು ಸುಮ್ಮನಿರುತ್ತಾರೆಯೇ? ಒಂಬತ್ತು ಹೆತ್ತ ಕ್ಯಾತಮ್ಮ, ಹಡೆದು ನಲವತ್ತು ದಿನ ಕಳೆಯದ ಪಾತಮ್ಮ, ನಡ ಬಿದ್ದ ಸೂರಮ್ಮ, ಒಬ್ಬರ ಹಿಂದೆ ಒಬ್ಬರು ಕಚೇರಿಯ ಮುಂದೆ ಕೈ ಚಾಚಿ ನಿಂತರು. ಎರಡು ದಿನದಲ್ಲಿ ಹನ್ನೊಂದೂ ಭರ್ತಿ. ಹನ್ನೆರಡನೆಯವಳು ಬಂದಾಗ ಗುಮಾಸ್ತರು ಖಾಲಿ ನಂಬರಿಲ್ಲವೆಂದರು. ಅವಳು ಅತ್ತಳು. ಗುಮಾಸ್ತರ ಮನಸ್ಸು ಕರಗಿತು. ಆ ವಾರವೇ ಚಳ್ಳಕೆರೆಯ ಸಂತೆಯಲ್ಲಿ ಇನ್ನೊಂದು ಹಸುವನ್ನು ಮಾರಿ ಅವಳಿಗೆ ಜಾಗ ಮಾಡಿಕೊಟ್ಟರು. ಹೀಗೆ ಒಬ್ಬೊಬ್ಬ ಹೆಂಗಸಿನ ಪ್ರಾಣ ಉಳಿಸುವ ಸಲುವಾಗಿ ಅವರು ಒಂದೊಂದು ಸರ್ಕಾರಿ ಹಸುವನ್ನು ತ್ಯಾಗ ಮಾಡುತ್ತ ಬಂದರು. ಅವರ ಹೆಂಡತಿಯ ಬಳಿ ಈಗ ಏಳು ಸೀರೆ.

ದರೋಗ ಸಾಹೇಬರು ಕಮಾನುಗಾಡಿಯಲ್ಲಿ, ಛತ್ರಿ ಹಿಡಿಸಿಕೊಂಡು ಬಂದರು. ಜಾಲಿಮರದ ಕೆಳಗೆ ಹತ್ತೊಂಬತ್ತು ವಿಶ್ರಾಂತಿಯ ಹಸುಗಳು ಸಾಲಾಗಿ ಕೂತು ಉಣ್ಣೆ ಹಿಂಜುತ್ತಿದ್ದವು. ಸಾಹೇಬರು ಹಸುಗಳನ್ನು ನೋಡಿದರು. ಆಮೇಲೆ ಗುಮಾಸ್ತರನ್ನು ನೋಡಿದರು.

"ಇವು?"

"ವಿಶ್ರಾಂತಿಯವು ಸ್ವಾಮಿ. ಹೋದ ವರ್ಷವೂ ತಾವು ಪರಿಶೀಲಿಸಿ ರುಜು ಮಾಡಿದ್ದೀರಿ." ಗುಮಾಸ್ತರು ರಿಜಿಸ್ಟರು ತೆರೆದು ತೋರಿಸಿದರು. 'ಖುದ್ದು ನೋಡಿದೆ, ಮೈ ಕೈ ತುಂಬಿಕೊಂಡಿವೆ' ಎಂದು ಸಾಹೇಬರ ಅಕ್ಷರದಲ್ಲೇ ಇತ್ತು. ಆ ವರ್ಷ ಸಾಹೇಬರು ಕಾವಲಿಗೆ ಬಂದಿರಲಿಲ್ಲ. ಬಿಸಿಲು ಜಾಸ್ತಿಯಾಗಿ ಚಳ್ಳಕೆರೆಯ ಬಂಗಲೆಯಲ್ಲೇ ಕೂತು ರುಜು ಮಾಡಿದ್ದರು.

ಸಾಹೇಬರು ಎಣಿಸಿದರು. ಸರಿಯಾಗಿತ್ತು. ಮುದ್ರೆ ನೋಡಿದರು, ಇತ್ತು. ನಾಗಕ್ಕನ ಮುಂದೆ ನಿಂತು, ನಿಯಮದಲ್ಲಿರುವಂತೆ ಹಲ್ಲು ತೋರಿಸಲು ಹೇಳಿದರು.

"ಬೆರಳು ತಂದ್ರೆ ಕಡೀತೀನಿ ಸ್ವಾಮಿ," ಅಂದಳು ನಾಗಕ್ಕ, ಉಣ್ಣೆಯಿಂದ ಕಣ್ಣೆತ್ತದೆ.

ಸಾಹೇಬರು ಬರೆದರು: "ನಂಬರು ನೂರ ಹದಿನೇಳು. ಆರೋಗ್ಯ ಉತ್ತಮ. ಹಲ್ಲು ನೋಡಲಿಲ್ಲ, ಕಚ್ಚುವುದಾಗಿ ತಾನೇ ತಿಳಿಸಿತು."

ಮೇಲಿನಿಂದ ಪ್ರಶಂಸೆ ಬಂತು. ಈ ಕಾವಲಿನ ವಿಶ್ರಾಂತಿಯ ಹಸುಗಳಲ್ಲಿ ಒಂದೂ ಸತ್ತಿಲ್ಲ, ಒಂದೂ ಕಳೆದಿಲ್ಲ, ಇಂಥ ಕಾವಲು ಇನ್ನೊಂದಿಲ್ಲ. ಹಟ್ಟಿಯಲ್ಲೂ ಆ ಎರಡು ವರ್ಷ ಬಾಣಂತಿಯರ ಸಾವಾಗಲಿಲ್ಲ. ಆದರೆ ಅದನ್ನು ಬರೆಯಲು ಯಾವ ರಿಜಿಸ್ಟರಿನಲ್ಲೂ ಕಾಲಮು ಇರಲಿಲ್ಲ.

ಸಾವಿರದ ಒಂಬೈನೂರ ಹನ್ನೊಂದರ ಹೊತ್ತಿಗೆ ಹಟ್ಟಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಹಸುಗಳ ರಿಜಿಸ್ಟರಿಗೆ ಸೇರಿ ಆಗಿತ್ತು. ಆ ವರ್ಷ ನಾಗಕ್ಕನ ವಿಶ್ರಾಂತಿ ಮುಗಿಯಿತು. ವಿಸ್ತರಿಸಬಹುದು, ಹಸು ಹಸುಗಳ ರಿಜಿಸ್ಟರಿನಲ್ಲೇ ಮುಂದುವರಿದರೆ, ಎಂದರು ಗುಮಾಸ್ತರು. ಸರಿಯಾಗಿ ಅದೇ ವಾರ ತಲೆ ಎಣಿಸಲೆಂದು ಶಾಲೆಯ ಮೇಷ್ಟ್ರೊಬ್ಬರು ಬಗಲಲ್ಲಿ ಪುಸ್ತಕ ಇಟ್ಟುಕೊಂಡು ಹಟ್ಟಿಗೆ ಬಂದರು. ಮನೆ ಮನೆಗೆ ಹೋಗಿ ಗಂಡಸರನ್ನು ಬರೆದುಕೊಂಡರು, ಮಕ್ಕಳನ್ನು ಬರೆದುಕೊಂಡರು. ಹೆಂಗಸರೆಲ್ಲಿ ಎಂದು ಕೇಳಿದರು. ದೊಡ್ಡಪಾಲಯ್ಯ ವಿನಯದಿಂದ ಅವರನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದ.

ಮೇಷ್ಟ್ರು ಹೊಸಬರು, ಒಳ್ಳೆಯವರು. ಬೆವರು ಒರೆಸಿಕೊಂಡು ನಾಗಕ್ಕನ ಮುಂದೆ ಕೂತರು.

"ತಂಗೀ, ಇದು ಅನ್ಯಾಯ. ನಿನ್ನನ್ನ ನಾನು ಮನುಷ್ಯರ ಪುಸ್ತಕದಲ್ಲಿ ಬರ್ಕೋತೀನಿ. ಆದರೆ ಒಂದು ಜೀವ ಎರಡು ಪುಸ್ತಕದಲ್ಲಿರೋ ಹಾಗಿಲ್ಲ. ಅಲ್ಲಿ ಹೊಡೆದುಹಾಕಿಸಬೇಕು."

ನಾಗಕ್ಕನಿಗೆ ಆ ಮಾತು ಕೇಳಿ ಹಿತವಾಯಿತು. ಅವಳನ್ನು ತಂಗೀ ಎಂದು ಕರೆದವರು ಬಹಳ ಜನ ಇರಲಿಲ್ಲ. ಪುಸ್ತಕದ ಕಡೆ ನೋಡಿದಳು. ಚೆನ್ನಾಗಿ ರಟ್ಟು ಹಾಕಿದ ಪುಸ್ತಕ.

"ಮನುಷ್ಯಳು ಅಂತ ಬರ್ಕಂಡ್ರೆ ಹೆರಿಗೆ ಆಗಿ ಸಾಯಂಗಾದೋಳಿಗೆ ವಿಶ್ರಾಂತಿ ಕೊಡಬೇಕು ಅಂತ ಅದರಾಗೆ ಎಲ್ಲಾದ್ರೂ ಐತೇನಣ್ಣ?"

ಮೇಷ್ಟ್ರು ಪುಸ್ತಕ ತಿರುವಿದರು. ಮೊದಲಿನಿಂದ ಕೊನೆಯವರೆಗೆ, ಆಮೇಲೆ ಕೊನೆಯಿಂದ ಮೊದಲಿನವರೆಗೆ. ಹೆಸರು, ವಯಸ್ಸು, ಜಾತಿ, ಕಸುಬು, ಕುರುಡೋ ಕುಂಟೋ, ಎಲ್ಲಕ್ಕೂ ಕಾಲಮು ಇತ್ತು.

"ಇಲ್ಲಮ್ಮ."

"ಹಂಗಾದ್ರೆ ಹಸು ಅಂತಲೇ ಇರ್ಲಿ ಬಿಡ್ರಿ."

ಬಿಸಿಲು ಏರಿತ್ತು. ಪಾತಣ್ಣ ಮೇಷ್ಟ್ರಿಗೆ ಕಂಬಳಿ ಹಾಸಿದ. ನಾಗಕ್ಕ ಮಡಕೆಯಿಂದ ಮಜ್ಜಿಗೆ ಬಗ್ಗಿಸಿ, ಉಪ್ಪು ಹಾಕಿ, ತಂದಿಟ್ಟಳು. ಮೇಷ್ಟ್ರು ಕುಡಿದು, ಮೀಸೆ ಒರೆಸಿಕೊಂಡು, ಸೀಗೆಹಟ್ಟಿಯ ಪುಟದ ಕೊನೆಗೆ ಷರಾ ಬರೆದರು. ಮೇಲಿನವರು ಅದನ್ನು ಓದಿ, ಸರಿಯಾಗಿದೆಯೆಂದು ರುಜು ಮಾಡಿ, ಕಡತಕ್ಕೆ ಸೇರಿಸಿದರು:

"ಈ ಹಟ್ಟಿಯಲ್ಲಿ ಹೆಂಗಸರು ಇರುವುದಿಲ್ಲ. ಮಜ್ಜಿಗೆಯನ್ನು ಹಸುವೇ ಕಡೆದು ಕೊಟ್ಟಿತು."